ಹಸು ಕಂದು ಹಾಕಿದೆಯೇ? ಪೈಪು ಹಿಡಿಯುವ ಮುನ್ನ ಇದನ್ನು ಓದಿ

ಏಳು ತಿಂಗಳ ಗಬ್ಬದ ಹಸು ಕಂದು ಹಾಕಿದರೆ, ಅಂದರೆ ದಿನ ತುಂಬುವ ಮೊದಲೇ ಕರು ಬಿದ್ದುಹೋದರೆ, ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇಷ್ಟೇ. ಸತ್ತ ಕರುವನ್ನು ಬರಿಗೈಯಲ್ಲಿ ಎಳೆದು ತಿಪ್ಪೆಗೆ ಎಸೆಯುತ್ತಾರೆ. ಸತ್ತೆಯನ್ನು (ಕರುವಿನ ಹಿಂದೆ ಬೀಳುವ ಮಾಸು) ಗೋಣಿಚೀಲದಲ್ಲಿ ಕಟ್ಟಿ, ಹಾಲು ಹೆಚ್ಚಲಿ ಎಂದು ಆಲದ ಮರಕ್ಕೆ ನೇತುಹಾಕುತ್ತಾರೆ. ಕೊಟ್ಟಿಗೆಗೆ ಪೈಪು ಹಿಡಿದು ನೀರು ಬಿಡುತ್ತಾರೆ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಕೊಟ್ಟಿಗೆಯ ತುಂಬ ಹರಡಿ ಮನೆಯವರಿಗೂ ಅಂಟಲು ಈ ಮೂರು ಕೆಲಸ ಸಾಕು. ರೋಗಾಣು ಅತಿ ಹೆಚ್ಚು ಇರುವುದು ಸತ್ತೆ, ಗರ್ಭದ ನೀರು ಮತ್ತು ಸತ್ತ ಕರುವಿನಲ್ಲಿ. ಕಂದು ಬೀಳಲು ಬೇರೆ ಕಾರಣಗಳೂ ಇವೆ. ಆದರೆ ಐದು ತಿಂಗಳು ದಾಟಿದ ಮೇಲೆ ಬಿದ್ದರೆ, ಪರೀಕ್ಷೆಯ ಫಲಿತಾಂಶ ಕೈಗೆ ಬರುವ ತನಕ ಅದು ಕಂದು ರೋಗವೆಂದೇ ನಡೆದುಕೊಳ್ಳಿ.

1. ಉಳಿದ ಹಸುಗಳನ್ನು ಸರಿಸಿ. ಕಂದು ಹಾಕಿದ ಹಸು ಇದ್ದಲ್ಲೇ ಇರಲಿ. ಗಬ್ಬದ ಹಸು, ಕಡಸುಗಳನ್ನು ಮೊದಲು ದೂರ ಕಟ್ಟಿ. ಬಿದ್ದದ್ದನ್ನು ಮೂಸಿ ನೆಕ್ಕುವುದು ಅವುಗಳ ಸ್ವಭಾವ, ರೋಗ ದಾಟುವುದೂ ಹಾಗೆಯೇ. ನಾಯಿಯನ್ನೂ ಕಟ್ಟಿಹಾಕಿ.

2. ಕೈ ಮುಚ್ಚಿಕೊಳ್ಳಿ. ಕೃತಕ ಗರ್ಭಧಾರಣೆಗೆ ಬಳಸುವ ತೋಳುದ್ದದ ಕೈಗವಸು, ಮಾಸ್ಕ್, ಗಮ್ ಬೂಟು. ಅಂಗಡಿಯ ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುವ ಜಾಣತನ ಬೇಡ, ಅದು ಮೊದಲ ಎಳೆತಕ್ಕೇ ಹರಿಯುತ್ತದೆ. ಉಗುರಿನ ಪಕ್ಕದ ಸಣ್ಣ ಗೀರೂ ರೋಗಾಣುವಿಗೆ ಬಾಗಿಲು. ಸತ್ತೆ ಬಿದ್ದಿಲ್ಲವೆಂದು ಕೈ ಹಾಕಿ ಕೀಳಬೇಡಿ. ಗರ್ಭಿಣಿಯರು, ಮಕ್ಕಳು ಹತ್ತಿರ ಸುಳಿಯಬಾರದು.

3. ಹೂಳುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ಸತ್ತೆಯ ತುಂಡು, ಕರುವಿನ ಹೊಟ್ಟೆಯ ದ್ರವ, ತಾಯಿಯ ರಕ್ತ ಪರೀಕ್ಷೆಗೆ ಬೇಕಾಗುತ್ತವೆ. ಅವರು ಬರುವ ತನಕ ಎಲ್ಲವನ್ನೂ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ ನೆರಳಲ್ಲಿಡಿ, ಮನೆಯ ಫ್ರಿಜ್‌ನಲ್ಲಂತೂ ಖಂಡಿತ ಬೇಡ. ಕಂದು ಹಾಕಿದ ಹೊಸದರಲ್ಲಿ ರಕ್ತಪರೀಕ್ಷೆ 'ಇಲ್ಲ' ಎಂದರೂ ನಂಬಬೇಡಿ, ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

4. ಗುಂಡಿ. ಬಾವಿ, ಹಳ್ಳದಿಂದ ದೂರ, ಐದಡಿ ಆಳ. ತಳಕ್ಕೆ ಸುಣ್ಣ, ಮೇಲೆ ಸುಣ್ಣ, ಮಣ್ಣಿನ ಮೇಲೆ ಕಲ್ಲು, ಮುಳ್ಳು.

5. ಕೊಟ್ಟಿಗೆ ತೊಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಪೈಪಿನ ರಭಸಕ್ಕೆ ರೋಗಾಣು ಹನಿಯಾಗಿ ಗಾಳಿಗೆ ಹಾರುತ್ತದೆ, ಉಳಿದದ್ದು ಚರಂಡಿ ಹಿಡಿದು ಪಕ್ಕದ ಗೋದಲಿಗೆ ಸೇರುತ್ತದೆ. ಒಣ ಪೊರಕೆಯೂ ಬೇಡ. ಮೊದಲು ಕೊಳೆಯ ಮೇಲೆ ಸುಣ್ಣದ ನೀರು ಸುರಿದು ಅರ್ಧ ಗಂಟೆ ಬಿಡಿ. ಆಮೇಲೆ ಹುಲ್ಲು, ಸಗಣಿಯನ್ನು ಸಲಿಕೆಯಿಂದ ಕೆರೆದು ಸುಡಿ ಅಥವಾ ಅದೇ ಗುಂಡಿಗೆ ಹಾಕಿ. ಸೋಪಿನ ನೀರು ಹಾಕಿ ಬ್ರಷ್‌ನಿಂದ ಉಜ್ಜಿ. ಕೊನೆಗೆ ನೆಲ, ಗೋದಲಿ, ಗೋಡೆಯ ಕೆಳಭಾಗಕ್ಕೆ ಮತ್ತೆ ಸುಣ್ಣ ಬಳಿದು ಒಣಗಲು ಬಿಡಿ.

ಸುಣ್ಣ ಆ ಹೊತ್ತಿಗೆ ಅರಳಿಸಿದ್ದೇ ಆಗಬೇಕು: 10 ಲೀಟರ್ ನೀರಿಗೆ 2 ಕೆ.ಜಿ. ಕಲ್ಲುಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಕಬ್ಬಿಣದ ಬಕೆಟ್ಟಿನಲ್ಲಿರುವ ನೀರಿಗೆ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ, ಕಣ್ಣು ಜೋಪಾನ. ಮೂಟೆ ಬಿಚ್ಚಿ ತಿಂಗಳುಗಟ್ಟಲೆ ಗಾಳಿಗಿಟ್ಟ ಸುಣ್ಣ ಬರೀ ಸೀಮೆಸುಣ್ಣದ ಪುಡಿ. ಬ್ಲೀಚಿಂಗ್ ಪೌಡರ್ ಸಗಣಿ ಇದ್ದಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಹಳೆಯ ಚೀಲದ್ದಾದರೆ ಕೇಳುವುದೇ ಬೇಡ. ಬಾಟಲಿಗಟ್ಟಲೆ ಅಗ್ಗಕ್ಕೆ ಸಿಗುವ ಬಿಳಿ ಫಿನಾಯಿಲ್‌ನಲ್ಲಿ ವಾಸನೆಯೇ ಹೆಚ್ಚು. ಕೆಲಸ ಮುಗಿದ ಮೇಲೆ ಬಿಸಿಲು ಒಳಗೆ ಬರುವಂತೆ ತಡಿಕೆ ತೆಗೆದಿಡಿ. ನೆರಳಿನ ತೇವದಲ್ಲಿ ತಿಂಗಳುಗಟ್ಟಲೆ ಬದುಕುವ ಈ ರೋಗಾಣು ನೇರ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.

6. ಆ ಹಸು ಏನಾಗಬೇಕು? ಗರ್ಭದ ಸೋರಿಕೆ ನಿಲ್ಲುವ ತನಕ, ಕನಿಷ್ಠ ಒಂದು ತಿಂಗಳು ಬೇರೆ ಕಟ್ಟಿ, ಉಳಿದವುಗಳ ನಂತರ ಕೊನೆಯಲ್ಲಿ ಹಾಲು ಕರೆಯಿರಿ. ಹಾಲನ್ನು ಕುದಿಸದೆ ಯಾರೂ ಕುಡಿಯಬಾರದು, ಕರುವಿಗೂ ಹಸಿಯಾಗಿ ಕೊಡಬಾರದು. ರೋಗಾಣು ಜೀವಕೋಶದೊಳಗೆ ಅಡಗಿ ಕೂರುವುದರಿಂದ ಇಂಜೆಕ್ಷನ್ನಿಗೆ ಸುರಿದ ದುಡ್ಡು ದಂಡ. ಸಂತೆಗೆ ಹೊಡೆದರೆ ರೋಗ ಇನ್ನೊಬ್ಬರ ಮನೆಗೆ ಹೋಗುತ್ತದೆ. ಹೊರದೇಶಗಳಲ್ಲಿ ಪರೀಕ್ಷಿಸಿ ಕೊಲ್ಲುವ ಕ್ರಮವಿದೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಿರುವ ಕರ್ನಾಟಕದಲ್ಲಿ ನಾವಾಗಿಯೇ ಆ ದಾರಿ ಹಿಡಿಯುವಂತಿಲ್ಲ. ರೋಗ ಖಚಿತವಾದ ಹಸುವಿಗೆ ಬೇರೆ ಕೊಟ್ಟಿಗೆ, ಬೇರೆ ಬಕೆಟ್ಟು, ಬೇರೆ ಹೆರಿಗೆ ಜಾಗ ಕೊನೆಯವರೆಗೂ ಇರಬೇಕು. ಊರ ಹೋರಿ ಬೇಡ, ಕೃತಕ ಗರ್ಭಧಾರಣೆಯೇ ಆಗಲಿ.

7. ಉಳಿದವುಗಳ ಪರೀಕ್ಷೆ. ಹಾಲಿನ ಉಂಗುರ ಪರೀಕ್ಷೆಯಲ್ಲಿ ಕೆನೆಯ ಅಂಚಿನಲ್ಲಿ ನೀಲಿ ಉಂಗುರ ಕಟ್ಟಿದರೆ ಸಂಶಯಪಡಬೇಕು. ಕೆಚ್ಚಲುಬಾವಿನ ಹಾಲು, ಗಿಣ್ಣುಹಾಲು ಬೆರೆತರೆ ಉಂಗುರ ಸುಳ್ಳು ಹೇಳುತ್ತದೆ. ಆಮೇಲೆ ರೋಸ್ ಬೆಂಗಾಲ್ ಎಂಬ ರಕ್ತಪರೀಕ್ಷೆ, ಖಚಿತಪಡಿಸಲು ಎಲೈಸಾ ಎಂಬ ಪ್ರಯೋಗಾಲಯದ ಪರೀಕ್ಷೆ. ಹೊಸದಾಗಿ ಒಂದೂ ಸಿಗದಂತಾಗುವ ತನಕ ಒಂದೆರಡು ತಿಂಗಳಿಗೊಮ್ಮೆ, ನಂತರ ಆರು ತಿಂಗಳಿಗೆ ಮತ್ತೊಮ್ಮೆ.

8. ಲಸಿಕೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಚರ್ಮದಡಿ, ಜೀವಮಾನಕ್ಕೆ ಒಂದೇ ಸಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ. ಎಂಟು ತಿಂಗಳು ದಾಟಿಸಿದರೆ ಮುಂದೆ ರಕ್ತಪರೀಕ್ಷೆಯಲ್ಲಿ ಲಸಿಕೆ ಯಾವುದು, ರೋಗ ಯಾವುದು ಎಂದು ಬಿಡಿಸುವುದು ಕಷ್ಟ. ಗಬ್ಬದ ಹಸುವಿಗೂ ಹೋರಿಗೂ ಬೇಡವೇ ಬೇಡ. ಇದು ಜೀವಂತ ಲಸಿಕೆ, ಸೂಜಿ ಕೈಗೆ ಚುಚ್ಚಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು ಶುರುವಾದರೆ ಹಸು ಕಂದು ಹಾಕಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಹೇಳದಿದ್ದರೆ ಅವರಿಗೆ ಈ ಪರೀಕ್ಷೆ ನೆನಪಾಗುವುದು ಅಪರೂಪ.