ಸಭೆಯ ಬಜೆಟ್‌ಗೆ ಕೈ ಎತ್ತುವ ಮೊದಲು

ಉಡುಪಿ ಕಡೆಯ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಸಭೆಯಲ್ಲಿ, ಅಂದರೆ ಆ ಚರ್ಚಿಗೆ ಸೇರಿದ ಜನರ ಸಮುದಾಯದಲ್ಲಿ, ನಾನು ಖಜಾಂಚಿಯಾಗಿದ್ದೆ. ಅದಕ್ಕೂ ಮೊದಲು ಬ್ಯಾಂಕಿನಲ್ಲಿ ಕೆಲಸ. ಈಗ ಎರಡೂ ಮುಗಿದಿವೆ, ಎಲ್ಲ ಸದಸ್ಯರೂ ಸೇರುವ ಮಹಾಸಭೆಗೆ ಹೋಗಿ ಲೆಕ್ಕ ಓದುವ ಸದಸ್ಯೆ ಅಷ್ಟೆ. ಭಾನುವಾರ ಆರಾಧನೆ ಮುಗಿದ ಮೇಲೆ ಬಜೆಟ್ ಹಾಳೆ ಹಂಚುತ್ತಾರೆ. ಐದು ನಿಮಿಷದಲ್ಲಿ "ಎಲ್ಲರಿಗೂ ಒಪ್ಪಿಗೆಯೇ?" ಎಂದು ಕೇಳುತ್ತಾರೆ. ಕೈಗಳು ಮೇಲೆ ಹೋಗುತ್ತವೆ. ಎಷ್ಟೋ ಕಡೆ ಹೀಗೇ ಆಗುತ್ತದೆ, ನನಗೆ ತುಂಬಾ ಬೇಸರ. ವರ್ಷವಿಡೀ ಕಾಣಿಕೆ ಹಾಕಿದವರು ಅದು ಎಲ್ಲಿಗೆ ಹೋಗಬೇಕೆಂದು ಹೇಳಲು ಸಿಗುವ ಸಮಯ ಅದೊಂದೇ ಅಲ್ವಾ? ಅದಕ್ಕೆ ತಯಾರಾಗುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಮೊದಲು ಯಾರಿಗೆ ಏನು ಅಧಿಕಾರ ಅಂತ ತಿಳಿದುಕೊಳ್ಳಿ. ನಮ್ಮಲ್ಲಿ ಬಜೆಟ್ ಬರೆಯುವುದು ಸಭೆಯ ಸಮಿತಿ: ಅಯ್ಯನವರು (ಪಾದ್ರಿ), ಕಾರ್ಯದರ್ಶಿ, ಖಜಾಂಚಿ, ಆಯ್ಕೆಯಾದ ಸದಸ್ಯರು. ಅದನ್ನು ಒಪ್ಪುವುದು ಮಹಾಸಭೆ. ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಕೋರಂ (ಕನಿಷ್ಠ ಹಾಜರಾತಿ) ಎಷ್ಟು, ಯಾರಿಗೆ ಮತ ಇದೆ ಎಂಬುದು ಡಯಾಸಿಸ್‌ನ (ಬಿಷಪರ ಆಡಳಿತಕ್ಕೆ ಸೇರಿದ ಧರ್ಮಪ್ರಾಂತದ) ಸಂವಿಧಾನದಲ್ಲಿರುತ್ತದೆ. ಒಂದು ಪ್ರತಿ ಕೇಳಿ ಪಡೆದು ಆ ಪುಟಗಳನ್ನಾದರೂ ಓದಿ. ಪಕ್ಕದ ಇಗರ್ಜಿಯ (ಚರ್ಚಿನ) ಕೆಥೋಲಿಕ್ ಸ್ನೇಹಿತರಿಗೆ ಕ್ರಮ ಬೇರೆ. 1983ರ ಅವರ ಧರ್ಮಸಭೆಯ ಕಾನೂನಿನಂತೆ ಪ್ರತಿ ಇಗರ್ಜಿಗೂ ಆರ್ಥಿಕ ಸಮಿತಿ ಇರಲೇಬೇಕು. ಆದರೆ ಅದು ಸಲಹೆ ಕೊಡುವ ಸಮಿತಿ, ಆಡಳಿತದ ಹೊಣೆ ಧರ್ಮಗುರುಗಳದ್ದು. ಹಾಗಿದ್ದರೂ ಜನ ಕೊಟ್ಟ ಹಣದ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕೆಂದು ಅದೇ ಕಾನೂನು ಹೇಳುತ್ತದೆ. ಅವರು ತಮ್ಮ ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರ, ಅಂದರೆ ಮುಖಂಡರ, ಮೂಲಕ ಕೇಳಬಹುದು.

ಹಾಳೆಗಳು ಮಹಾಸಭೆಗೆ ಎರಡು ಭಾನುವಾರ ಮೊದಲೇ ಕೈಗೆ ಸಿಗಬೇಕು. ಸಿಗದಿದ್ದರೆ ಕಾರ್ಯದರ್ಶಿಗೆ ಬರೆದು ಕೇಳಿ. ಬರೀ ಈ ವರ್ಷದ ಬಜೆಟ್ ಸಾಲದು. ಒಂದೇ ಹಾಳೆಯಲ್ಲಿ ಮೂರು ಕಾಲಂ ಬೇಕು: ಕಳೆದ ವರ್ಷ ಅಂದುಕೊಂಡದ್ದು, ನಿಜವಾಗಿ ಆದದ್ದು, ಈ ವರ್ಷ ಕೇಳುತ್ತಿರುವುದು. ನಡುವಿನ ಕಾಲಂ ಇಲ್ಲದ ಬಜೆಟ್ ಓದಿ ಪ್ರಯೋಜನ ಇಲ್ಲ.

ಓದುವಾಗ ಆದಾಯದಿಂದ ಶುರು ಮಾಡಿ. ಮಾಸಿಕ ವಂತಿಗೆ, ಭಾನುವಾರದ ಕಾಣಿಕೆ, ಕೃತಜ್ಞತಾ ಕಾಣಿಕೆ, ಬೆಳೆಹಬ್ಬ. ಮೊದಲ ಎರಡು ಹೆಚ್ಚುಕಡಿಮೆ ಒಂದೇ ರೀತಿ ಬರುತ್ತವೆ. ಬೆಳೆಹಬ್ಬ ಹಾಗಲ್ಲ. ಅಂದು ಜನ ತಂದುಕೊಟ್ಟ ಫಸಲಿನ ಏಲಂನಲ್ಲಿ ಒಂದು ಬಾಳೆಗೊನೆಗೆ ಇಬ್ಬರು ಹಟ ಹಿಡಿದರೆ ರೇಟು ಎಲ್ಲಿಗೋ ಹೋಗುತ್ತದೆ, ಮರುವರ್ಷ ಅವರಲ್ಲೊಬ್ಬರು ಊರಲ್ಲೇ ಇರುವುದಿಲ್ಲ. ಹಾಗಾಗಿ ಮೂರು ವರ್ಷದ ಸರಾಸರಿ ತೆಗೆದು, ಅದಕ್ಕಿಂತ ಸ್ವಲ್ಪ ಕಡಿಮೆ ಬರೆಯುವುದು ನನ್ನ ಕ್ರಮವಾಗಿತ್ತು. ಜಾಸ್ತಿ ಬಂದರೆ ಸಂತೋಷ. ಖರ್ಚಿಗೆ ಸರಿಹೋಗಲಿ ಅಂತ ಆದಾಯವನ್ನು ಎಳೆದು ಬರೆದಿದ್ದರೆ, ಮೂರು ಕಾಲಂ ನೋಡಿದ ಕೂಡಲೇ ಗೊತ್ತಾಗುತ್ತದೆ.

ಖರ್ಚಿನಲ್ಲಿ ಡಯಾಸಿಸ್‌ಗೆ ಕಟ್ಟುವ ಪಾಲು, ಕರೆಂಟ್ ಬಿಲ್, ಚರ್ಚ್ ನೋಡಿಕೊಳ್ಳುವವರ ಸಂಬಳ, ಇವುಗಳಲ್ಲಿ ಹೆಚ್ಚು ಚರ್ಚೆಗೆ ಜಾಗವಿಲ್ಲ. ಆ ಸಂಬಳ ವರ್ಷಗಟ್ಟಲೆ ಏರದೆ ನಿಂತಿದ್ದರೆ ಮಾತ್ರ ದಯವಿಟ್ಟು ಎದ್ದು ಕೇಳಿ, ಅವರಾಗಿ ಕೇಳುವುದಿಲ್ಲ. "ಇತರೆ ಖರ್ಚು" ಎಂಬ ಸಾಲು ದೊಡ್ಡದಾಗುತ್ತಾ ಹೋದರೆ ಬಿಡಿಸಿ ತೋರಿಸಲು ಹೇಳಿ. ನಿಜವಾದ ಚರ್ಚೆ ಇರುವುದು ರಿಪೇರಿಯಲ್ಲಿ. ನಮ್ಮ ಹಳೆಯ ಚರ್ಚುಗಳಿಗೆ ಮಂಗಳೂರು ಹಂಚಿನ ಮಾಡು (ಛಾವಣಿ). ಜೂನ್ ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಬೇಕು, ಹಂಚಿನ ಕೆಳಗಿನ ಮರದ ಪಟ್ಟಿಗಳಾದ ಪಕ್ಕಾಸು, ರೀಪು ಹಾಳಾಗಿದ್ದರೆ ಬದಲಿಸಬೇಕು. ಲೆಕ್ಕದ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮಹಾಸಭೆ ಮೇ ಕೊನೆಗೆ ಇಟ್ಟರೆ ಕೆಲಸ ಆಗಲೇ ಶುರುವಾಗಿರುತ್ತದೆ, ನಾವು ಮುಗಿದ ಖರ್ಚಿಗೆ ಕೈ ಎತ್ತುತ್ತೇವೆ. ಅದಕ್ಕೇ ಬಜೆಟ್ ಮಾರ್ಚ್‌ನಲ್ಲೇ ಬರಲಿ ಅಂತ ನಾನು ಹಟ ಹಿಡಿಯುತ್ತೇನೆ. ಆಡಿಟ್ ಆದ ಲೆಕ್ಕ ಆಮೇಲೆ ಬರಲಿ, ಫೆಬ್ರವರಿವರೆಗಿನ ಲೆಕ್ಕ ಇಟ್ಟುಕೊಂಡು ಬಜೆಟ್ ಮಾಡಬಹುದು. ದೊಡ್ಡ ರಿಪೇರಿಯಾದರೆ ಕೊಟೇಶನ್ ಎಷ್ಟು ಬಂದಿವೆ ಅಂತ ಕೇಳಿ, ಡಯಾಸಿಸ್‌ನ ಅನುಮತಿ ಬೇಕಾ ಅಂತಲೂ ಕೇಳಿ. ಏಕೆಂದರೆ ಜಾಗ, ಕಟ್ಟಡ ಸಾಮಾನ್ಯವಾಗಿ ನಮ್ಮ ಸಭೆಯ ಹೆಸರಲ್ಲಲ್ಲ, ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿರುತ್ತವೆ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ. ಬ್ಯಾಂಕಿನಲ್ಲಿರುವ ಹಣವೆಲ್ಲ ಖರ್ಚು ಮಾಡಬಹುದಾದ ಹಣ ಅಲ್ಲ. ಉದಾಹರಣೆಗೆ ಖಾತೆಯಲ್ಲಿ 5.5 ಲಕ್ಷ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ 3 ಲಕ್ಷ ಮಾಡಿನ ನಿಧಿ, 80 ಸಾವಿರ ಮಕ್ಕಳ ಶಾಲೆ ಫೀಸಿಗೆಂದು ಯಾರೋ ಕೊಟ್ಟದ್ದು, 20 ಸಾವಿರ ಸ್ಮಶಾನದ ಗೋಡೆಗೆ. ಉಳಿಯುವುದು ಒಂದೂವರೆ ಲಕ್ಷ. ಬಜೆಟ್ ನಿಲ್ಲಬೇಕಾದದ್ದು ಆ ಒಂದೂವರೆ ಲಕ್ಷದ ಮೇಲೆ. ಮಗುವಿನ ಫೀಸಿಗೆ ಕೊಟ್ಟ ದುಡ್ಡಿನಿಂದ ಸೌಂಡ್ ಸಿಸ್ಟಮ್ ತಂದರೆ, ಯಾರೂ ಒಂದು ಪೈಸೆ ಕದಿಯದಿದ್ದರೂ ಕೊಟ್ಟವರಿಗೆ ಮೋಸ ಆದಂತೆಯೇ. ನಿಧಿಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಕೇಳಿ. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ತೆರೆದು ನೋಡಿ. ಸಹಾಯದ ಹಣ ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕೆಂದು ಅವನು ಎಷ್ಟು ಎಚ್ಚರ ವಹಿಸುತ್ತಾನೆ!

ನಮ್ಮ ಜಿಲ್ಲೆಯವರು ವಿಶೇಷವಾಗಿ ನೋಡಬೇಕಾದದ್ದು ಹೊರದೇಶದ ಹಣ. ಭಾರತದ ಪಾಸ್‌ಪೋರ್ಟ್ ಇರುವವರು ದುಬೈಯಲ್ಲಿ ದುಡಿದ ಸ್ವಂತ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಕೆನಡಾದ ಪೌರತ್ವ ತಗೊಂಡವರು ಕೊಟ್ಟರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯಂತೆ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಇಲ್ಲದೆ ಅದನ್ನು ತಗೊಳ್ಳುವ ಹಾಗಿಲ್ಲ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಜೆಟ್‌ನಲ್ಲಿ "ಹೊರದೇಶದ ಸದಸ್ಯರಿಂದ" ಎಂಬ ಸಾಲು ಕಂಡರೆ ಪೌರತ್ವ ಯಾವುದೆಂದು ಕೇಳಲು ಸಂಕೋಚ ಬೇಡ.

ಮಹಾಸಭೆಯಲ್ಲಿ ಪ್ರಶ್ನೆ ಕೇಳುವ ರೀತಿ ಬಹಳ ಮುಖ್ಯ. "ದುಡ್ಡೆಲ್ಲ ಎಲ್ಲಿ ಹೋಯಿತು?" ಅಂದರೆ ಜಗಳ ಹತ್ತಿಕೊಳ್ಳುತ್ತದೆ, ಉತ್ತರ ಸಿಗುವುದಿಲ್ಲ. "ಎರಡನೇ ಪುಟದಲ್ಲಿ ರಿಪೇರಿ 40 ಸಾವಿರ ಇದ್ದದ್ದು 95 ಆಗಿದೆ, ಕಾರಣ ತಿಳಿಸುತ್ತೀರಾ?" ಅಂದರೆ ಖಜಾಂಚಿ ಫೈಲ್ ತೆರೆಯುತ್ತಾರೆ. ಸಾಧ್ಯವಾದರೆ ಹಿಂದಿನ ವಾರವೇ ಚೀಟಿಯಲ್ಲಿ ಬರೆದು ಕೊಡಿ, ಅವರೂ ತಯಾರಾಗಿ ಬರಲಿ. ಒಂದು ಸಾಲು ಮಾತ್ರ ಒಪ್ಪಿಗೆ ಇಲ್ಲದಿದ್ದರೆ ಅದನ್ನು ತಿದ್ದಲು ಸೂಚನೆ ಮಂಡಿಸಿ, ಒಬ್ಬರು ಅನುಮೋದಿಸಲಿ, ಅದಕ್ಕೆ ಬೇರೆಯಾಗಿ ಮತ ಆಗಲಿ. ಗುತ್ತಿಗೆದಾರ ಸಮಿತಿಯವರೊಬ್ಬರ ಭಾವನೇ ಆಗಿದ್ದರೆ ಆ ಸದಸ್ಯರು ಆ ವಿಷಯದಲ್ಲಿ ಮತ ಹಾಕಬಾರದು. ತೀರ್ಮಾನವನ್ನು ಅಲ್ಲೇ ನಿರ್ಣಯ ಪುಸ್ತಕದಲ್ಲಿ ಬರೆದು ಓದಿ ಹೇಳಿಸಿ. ಮರುದಿನ ಬರೆದರೆ ಮಾತುಗಳು ಬದಲಾಗುತ್ತವೆ. ಆಡಿಟರ್ ಯಾರೆಂದು ಅದೇ ದಿನ ನಿರ್ಧಾರವಾಗಲಿ. ಅವರು ಸಮಿತಿಯವರ ಸಂಬಂಧಿ ಆಗಿರಬಾರದು.

ಒಪ್ಪಿಗೆ ಆದ ಮೇಲೆ ಹಾಳೆಯನ್ನು ಬೈಬಲಿನೊಳಗೆ ಇಟ್ಟು ಮರೆಯಬೇಡಿ. ಕಾಣಿಕೆಯನ್ನು ಪ್ರತಿ ಭಾನುವಾರ ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ನೋಟಿಸ್ ಬೋರ್ಡಿಗೆ ಹಾಕಲು ಕೇಳಿ. ಮಳೆಗಾಲದಲ್ಲಿ ಮರ ಬಿದ್ದು ಗೋಡೆ ಹೋದರೆ ಯಾರೂ ಮಹಾಸಭೆಗೆ ಕಾಯುವುದಿಲ್ಲ, ಕಾಯಲೂಬಾರದು. ಅಂಥ ತುರ್ತಿಗೆ ಸಮಿತಿ ತಾನಾಗಿ ಎಷ್ಟರವರೆಗೆ ಖರ್ಚು ಮಾಡಬಹುದೆಂದು ಬಜೆಟ್ ಒಪ್ಪುವಾಗಲೇ ಒಂದು ಮೊತ್ತ ಬರೆಸಿ. ಅದನ್ನು ದಾಟಿದರೆ ವಿಶೇಷ ಸಭೆ ಕರೆಯಬೇಕು ಎಂಬುದೂ ಅದೇ ನಿರ್ಣಯದಲ್ಲಿರಲಿ.