ರೀ-ರನ್ ಒತ್ತುವ ಮೊದಲು

ಶಿವಮೊಗ್ಗದ ಅಡಿಕೆ ಮಂಡಿಗಳ ತೂಕದ ಚೀಟಿ, ಬಿಲ್ಲು, ರೈತರ ಖಾತೆ ನೋಡಿಕೊಳ್ಳುವ ತಂತ್ರಾಂಶ ನಮ್ಮ ಸಣ್ಣ ತಂಡದ್ದು. ಹೊಸ ಕೋಡ್ ಸೇರಿದಾಗಲೆಲ್ಲ ಸಿಐ ಎಂಬ ವ್ಯವಸ್ಥೆ, ತಂತ್ರಾಂಶ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ತಾನಾಗಿ ಓಡಿಸುತ್ತದೆ. ಕೆಲವು ಟೆಸ್ಟ್‌ಗಳು ಕಾರಣವೇ ಇಲ್ಲದೆ ಸೋಲುತ್ತಿದ್ದವು, ಮತ್ತೆ ಓಡಿಸುವ ರೀ-ರನ್ ಗುಂಡಿ ಒತ್ತಿದರೆ ಗೆಲ್ಲುತ್ತಿದ್ದವು. ಮಳೆಗಾಲವಾದ್ದರಿಂದ ಎಲ್ಲರೂ ನೆಟ್‌ವರ್ಕನ್ನು ಬೈದರು. ಸಿಐ ಓಡುವುದು ದೂರದ ಡೇಟಾ ಕೇಂದ್ರದಲ್ಲಿ. ಆಗುಂಬೆಯ ಮಳೆಗೂ ಅದಕ್ಕೂ ಏನು ಸಂಬಂಧ?

ಟೆಸ್ಟ್‌ಗಳು ಹಸಿರಿನಿಂದ ಕೆಂಪಿಗೆ, ಅಂದರೆ ಗೆಲುವಿನಿಂದ ಸೋಲಿಗೆ, ತಿರುಗಿದ ಸಂದರ್ಭಗಳಲ್ಲಿ ಶೇ 84ರಲ್ಲಿ ಇಂತಹ, ಒಮ್ಮೆ ಸೋತು ಒಮ್ಮೆ ಗೆಲ್ಲುವ ‘ಫ್ಲೇಕಿ’ ಟೆಸ್ಟ್‌ಗಳಿದ್ದವು ಎಂದು ಗೂಗಲ್ 2016ರಲ್ಲಿ ತನ್ನದೇ ಲೆಕ್ಕ ಕೊಟ್ಟಿತ್ತು. ಅಷ್ಟು ಸುಳ್ಳು ಕೆಂಪಿನ ನಡುವೆ ನಿಜವಾದ ಕೆಂಪನ್ನು ಯಾರು ನಂಬುತ್ತಾರೆ?

ಹಾಗಾಗಿ ರೀ-ರನ್ನಿಗೆ ಒಂದು ಷರತ್ತು ಹಾಕಿದೆ: ಮೊದಲು ಸೋತ ಟೆಸ್ಟ್‌ನ ಹೆಸರು, ಸೋತ ಗಂಟೆ, ಟೆಸ್ಟ್‌ಗಳು ಓಡಿದ ಕ್ರಮ ಬರೆದಿಡಬೇಕು. ಪಟ್ಟಿ ಬೆಳೆದಂತೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಚೀಟಿಯ ದಿನಾಂಕ ನೋಡುವ ಟೆಸ್ಟ್ ಸೋಲುತ್ತಿದ್ದುದು ನಡುರಾತ್ರಿ ದಾಟಿದ ಮೇಲೆ, ಬೆಳಿಗ್ಗೆ 5:30ರೊಳಗೆ ಮಾತ್ರ. ಸಿಐ ಯಂತ್ರದ ಗಡಿಯಾರ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದೆ; ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಹೊತ್ತಿನಲ್ಲಿ ಅಲ್ಲಿ ಇನ್ನೂ ನಿನ್ನೆ. ಬಿಡುಗಡೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಕೋಡ್ ಸೇರಿಸಿದವರಿಗಷ್ಟೇ ಇದು ಕಾಡುತ್ತಿತ್ತು.

ಟೆಸ್ಟ್ ಸರಿಯಾಗಿಯೇ ಇತ್ತು, ಕೆಟ್ಟಿದ್ದದ್ದು ತಂತ್ರಾಂಶ. ಹೊಸನಗರದ ಕಡೆಯಿಂದ ರಾತ್ರಿ ಹೊರಟ ಲೋಡ್ ನಸುಕಿನಲ್ಲಿ ಇಳಿದು ತೂಕವಾದರೆ, ಚೀಟಿ ಹಿಂದಿನ ದಿನದ ಧಾರಣೆಗೆ ಸೇರಿಬಿಡುತ್ತಿತ್ತು. ರಾಶಿ ಅಡಿಕೆಯ ಧಾರಣೆ ಏರುಪೇರಾದ ದಿನ ಮಂಡಿಯವರಿಗೆ ಏನೆಂದು ಉತ್ತರ ಹೇಳುವುದು? ಸಮಯವನ್ನು ಯುಟಿಸಿಯಲ್ಲೇ ಉಳಿಸಿ, ವ್ಯವಹಾರದ ದಿನಾಂಕವನ್ನು ಮಾತ್ರ ಭಾರತೀಯ ಕಾಲಮಾನದಿಂದ ತೆಗೆಯುವಂತೆ ಬದಲಿಸಿದೆವು. ಟೆಸ್ಟ್‌ಗೆ ಈಗ ನಿಜವಾದ ಗಡಿಯಾರ ಸಿಗುವುದಿಲ್ಲ. ಯಾವಾಗ ಓಡಿದರೂ ಅದಕ್ಕೆ ನಸುಕಿನ ನಾಲ್ಕು ಗಂಟೆ.

ಉಳಿದವು ಮಾಮೂಲಿ ಕಾಯಿಲೆಗಳು. ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಪಟ್ಟಿ ಒಮ್ಮೊಮ್ಮೆ ಬೇರೆ ಕ್ರಮದಲ್ಲಿ ಬರುತ್ತಿತ್ತು. ಡೇಟಾಬೇಸಿಗೆ ಕಳಿಸುವ ಪ್ರಶ್ನೆಯಲ್ಲಿ ಕ್ರಮ ಹೇಳುವ ‘ಆರ್ಡರ್ ಬೈ’ ಇಲ್ಲದಿದ್ದರೆ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಸಾಲುಗಳ ಕ್ರಮಕ್ಕೆ ಹೊಣೆಯಲ್ಲ. ಪರದೆಯ ಟೆಸ್ಟ್‌ಗಳಲ್ಲಿ ಎರಡು ಸೆಕೆಂಡ್ ಸುಮ್ಮನೆ ಕಾಯುವ ಸಾಲುಗಳಿದ್ದವು. ಯಂತ್ರ ನಿಧಾನವಾದರೆ ಅಷ್ಟು ಸಾಲದು, ಚುರುಕಾಗಿದ್ದರೆ ಅಷ್ಟೂ ದಂಡ. ಅವನ್ನು ಕಿತ್ತು, ಮೊತ್ತ ಪರದೆಯ ಮೇಲೆ ಬರುವವರೆಗೆ ಕಾಯುವಂತೆ, ಬ್ರೌಸರನ್ನು ತಾನಾಗಿ ನಡೆಸುವ ಸಾಧನ ಪ್ಲೇರೈಟ್‌ಗೆ ಹೇಳಿದೆವು. ಒಂದು ಟೆಸ್ಟ್ ಬಿಟ್ಟುಹೋದ ರೈತನ ಖಾತೆ ಇನ್ನೊಂದಕ್ಕೆ ತೊಡಕಾಗುತ್ತಿದ್ದುದನ್ನು ಪೈಟೆಸ್ಟ್-ರಾಂಡಮ್ಲಿ ಎಂಬ ಸಾಧನ ಹಿಡಿದುಕೊಟ್ಟಿತು. ಅದು ಟೆಸ್ಟ್‌ಗಳು ಓಡುವ ಕ್ರಮವನ್ನು ಕಲಸುತ್ತದೆ, ಕಲಸಿದ ಬೀಜಸಂಖ್ಯೆಯನ್ನೂ ಮುದ್ರಿಸುತ್ತದೆ. ಅದೇ ಸಂಖ್ಯೆ ಕೊಟ್ಟರೆ ಅದೇ ಕ್ರಮ ಮರಳುತ್ತದೆ.

ತಾನಾಗಿ ಮರುಪ್ರಯತ್ನಿಸುವ ಸೌಲಭ್ಯವನ್ನು ಕೇಳಿದವರಿದ್ದರು. ಪರದೆಯ ಟೆಸ್ಟ್‌ಗಳಿಗೆ ಮಾತ್ರ, ಒಂದೇ ಸಲಕ್ಕೆ ಒಪ್ಪಿದೆ. ಎರಡನೆಯ ಸಲ ಗೆದ್ದರೂ ಅದರ ಹೆಸರು ಪಟ್ಟಿಗೆ ಬೀಳುತ್ತದೆ. ಗೆದ್ದ ಮಾತ್ರಕ್ಕೆ ದೋಷ ಇಲ್ಲವೆಂದಲ್ಲ: ನಸುಕಿನ ಚೀಟಿಯ ದೋಷ ಹಗಲಿನ ಮರುಪ್ರಯತ್ನದಲ್ಲಿ ಎಂದೂ ಸಿಕ್ಕಿಬೀಳುತ್ತಿರಲಿಲ್ಲ.

ಕನ್ನಡ ಬಿಲ್ಲಿನ ಪಿಡಿಎಫ್ ಚಿತ್ರವನ್ನು ಹೋಲಿಸುವ ಟೆಸ್ಟ್ ಇನ್ನೂ ಪ್ರತ್ಯೇಕವಾಗಿ ಓಡುತ್ತಿದೆ, ಸೋತರೂ ಬಿಡುಗಡೆಯನ್ನು ತಡೆಯುವುದಿಲ್ಲ. ಫಾಂಟಿನ ಆವೃತ್ತಿ ಬದಲಾದರೆ ಒತ್ತಕ್ಷರಗಳು ಕೂದಲೆಳೆಯಷ್ಟು ಸರಿಯುತ್ತವೆ. ಫಾಂಟನ್ನು ಟೆಸ್ಟ್ ಓಡುವ ಪ್ರತ್ಯೇಕ ಪೊಟ್ಟಣವಾದ ಕಂಟೇನರಿನೊಳಗೇ ಇಟ್ಟು ಆವೃತ್ತಿಯನ್ನು ಕಟ್ಟಿಹಾಕುವ ಕೆಲಸ ಈ ವಾರದ್ದು.