ಚೌಬಾರಾದಿಂದ ಗೋಡೆಯವರೆಗೆ: ಬೀದರ್‌ನ ಹಳೇ ಊರನ್ನು ನಡೆದು ನೋಡುವ ಬಗೆ

ಬೀದರ್‌ಗೆ ಬರುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಕೋಟೆ, ಮಧ್ಯಾಹ್ನ ಗವಾನ್ ಮದರಸಾ ಎಂಬ ಹಳೆಯ ವಿದ್ಯಾಲಯ, ಸಂಜೆ ನಾನಕ್ ಝೀರಾ ಗುರುದ್ವಾರ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಈ ಮೂರರ ನಡುವೆ ಇನ್ನೊಂದು ಗೋಡೆಯೊಳಗೆ ಇಡೀ ಹಳೇ ಊರೊಂದು ಇದೆ ಎಂಬುದು ಅವರ ಗಮನಕ್ಕೇ ಬರುವುದಿಲ್ಲ. ಕೋಟೆ ಅರಸರದು, ಅವರು ಹೋದ ಮೇಲೆ ಅದು ಬರಿದಾಯಿತು. ಆದರೆ ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ 15ನೆಯ ಶತಮಾನದಿಂದ ಇಂದಿನವರೆಗೂ ಊರೊಳಗೆ ಜನರು ಬಾಳಿಕೊಂಡೇ ಬಂದಿದ್ದಾರೆ. ಈ ಊರನ್ನು ನೋಡಲು ಒಂದು ಇಡೀ ದಿನ, ಹಳೆಯ ಚಪ್ಪಟೆ ಅಡಿಯ ಬೂಟು, ನೀರಿನ ಬಾಟಲಿ, ಕೇಳಿ ತಿಳಿಯುವ ಮನಸ್ಸು ಇಷ್ಟಿದ್ದರೆ ಸಾಕು.

ನವೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ನಡಿಗೆಗೆ ಹೇಳಿ ಮಾಡಿಸಿದಂಥವು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹತ್ತು ಗಂಟೆಯ ಮೇಲೆ ಗಲ್ಲಿಗಳಲ್ಲಿ ನಿಲ್ಲುವುದೇ ಕಷ್ಟ. ಮಳೆಗಾಲದಲ್ಲಿ ಊರು ಬಹಳ ಚೆಲುವಾಗಿ ಕಂಡರೂ ಪಾಚಿ ಹಿಡಿದ ಕೆಂಪು ಕಲ್ಲಿನ ಮೇಲೆ ಕಾಲು ಜಾರುತ್ತದೆ.

ಮೊದಲಿಗೆ ಊರಿನ ನಕ್ಷೆಯನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳಿ. ಉತ್ತರಕ್ಕೆ ಕೋಟೆ, ಅದಕ್ಕೆ ತಾಗಿದಂತೆ ದಕ್ಷಿಣಕ್ಕೆ ಗೋಡೆ ಸುತ್ತಿದ ಊರು. ಗೋಡೆಯಲ್ಲಿ ಫತೇ ದರ್ವಾಜಾ, ಶಾಹ್ ಗಂಜ್ ದರ್ವಾಜಾ, ಮಂಗಲಪೇಟ್ ದರ್ವಾಜಾ, ದುಲ್ಹನ್ ದರ್ವಾಜಾ, ತಲಘಾಟ್ ದರ್ವಾಜಾ ಎಂಬ ದ್ವಾರಗಳು. ಊರ ನಡುವೆ ದೊಡ್ಡ ರಸ್ತೆಗಳು ಕೂಡುವ ಕಡೆ ಚೌಬಾರಾ. 71 ಅಡಿ ಎತ್ತರದ ಈ ದುಂಡು ಕಾವಲು ಗೋಪುರವನ್ನು ದಾರಿ ತಪ್ಪಿದಾಗಲೆಲ್ಲ ನೆನಪಿಡಿ. ಓಣಿ ಎಷ್ಟೇ ಸುತ್ತಿದರೂ, ‘ಚೌಬಾರಾ ಯಾವ ಕಡೆ?’ ಎಂದು ಕೇಳಿದರೆ ಮಕ್ಕಳೂ ಕೈ ತೋರಿಸುತ್ತಾರೆ. ಅಲ್ಲಿಂದ ಯಾವ ದ್ವಾರಕ್ಕಾದರೂ ಅರ್ಧ ಗಂಟೆಗಿಂತ ಹೆಚ್ಚು ನಡೆಯಬೇಕಾಗಿಲ್ಲ. ಆದ್ದರಿಂದ ಮೊಬೈಲಿನ ನಕ್ಷೆಯನ್ನು ಕಿಸೆಯಲ್ಲಿಟ್ಟು ನಡೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಆ ನಕ್ಷೆಗೆ ಅರ್ಧದಷ್ಟು ಗಲ್ಲಿಗಳು ಗೊತ್ತಿಲ್ಲ.

ದಕ್ಷಿಣದ ಫತೇ ದರ್ವಾಜಾದಿಂದ ಬೆಳಗಿನ ಏಳರ ಸುಮಾರಿಗೆ ಹೊರಡುವುದು ಒಳ್ಳೆಯದು. ಅಂಗಡಿಗಳ ಬಾಗಿಲು ತೆರೆಯುವ ಮುನ್ನ ರಸ್ತೆ ಖಾಲಿಯಿರುತ್ತದೆ, ದ್ವಾರದ ಕಲ್ಲುಗಳನ್ನು ಹತ್ತಿರ ನಿಂತು ನೋಡಲು ಬಿಡುವಿರುತ್ತದೆ. ಇಲ್ಲಿ ಕೈಯಿಟ್ಟು ನೋಡಬೇಕಾದದ್ದು ಕಲ್ಲನ್ನೇ. ಬೀದರ್ ನಿಂತಿರುವ ಪ್ರಸ್ಥಭೂಮಿಯ ಮೇಲ್ಪದರ ಪೂರ್ತಿ ಜಂಬಿಟ್ಟಿಗೆ. ಕೊರೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಸಣ್ಣ ತೂತುಗಳು ತುಂಬಿದ ಕಬ್ಬಿಣಾಂಶದ ಕೆಂಪು ಕಲ್ಲು ಅದು. ಕೋಟೆಯ ದಕ್ಷಿಣಕ್ಕಿರುವ ಮೂರು ಸಾಲಿನ ಖಂದಕವನ್ನು ಅಗೆದು ಕಟ್ಟಿದ್ದಲ್ಲ, ಈ ಬಂಡೆಯಲ್ಲಿಯೇ ಕಡಿದು ಮಾಡಿದ್ದು. ಮಳೆ ನೀರು ಈ ಕಲ್ಲಿನ ತೂತುಗಳಿಂದ ಇಳಿದು, ಕೆಳಗಿನ ಬಿಗಿಯಾದ ಪದರಕ್ಕೆ ತಾಗಿ, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾದ ನೀರೂ ಝರಣಿ ನರಸಿಂಹ ಗುಹೆಯಲ್ಲಿ ಎದೆಮಟ್ಟಕ್ಕೆ ನಿಲ್ಲುವ ನೀರೂ ಹೀಗೆ ಝರಿಯಾಗಿ ಬಂದದ್ದೇ. ನೌಬಾದಿನ ಬಳಿ ನೆಲದಡಿ ಕೊರೆದ ಕರೇಜ್ ಕಾಲುವೆ ಕೂಡ ಅದೇ ಅಂತರ್ಜಲವನ್ನು ಹಿಡಿದು ತರಲು ಬಹಮನಿಗಳ ಕಾಲದಲ್ಲಿ ಮಾಡಿದ್ದು. ಇಷ್ಟನ್ನು ತಿಳಿದುಕೊಂಡು ನಡೆದರೆ ಗಲ್ಲಿಯ ತಿರುವಿನಲ್ಲಿ ಬಾವಿ ಏಕಿದೆ, ಒಂದು ಮನೆಯ ಅಡಿಪಾಯ ಪಕ್ಕದ ರಸ್ತೆಗಿಂತ ಆಳಕ್ಕೆ ಏಕೆ ಇಳಿದಿದೆ ಎಂಬುದು ತಾನೇ ತಿಳಿಯತೊಡಗುತ್ತದೆ.

ಚೌಬಾರಾ ತಲುಪಿದ ಮೇಲೆ ಒಂದು ಲೋಟ ಚಹಾ ಕುಡಿದು, ಮುಖ್ಯ ರಸ್ತೆಯನ್ನು ಬಿಟ್ಟು ಒಳಗೆ ಇಳಿಯಿರಿ. ನಿಜವಾದ ಮೌನ ಇರುವುದು ಇಲ್ಲಿ. ಹಳೇ ಊರಿನ ನಾಲ್ಕು ಭಾಗಗಳಿಗೆ ನಾಲ್ಕು ತಾಲೀಮುಗಳಿದ್ದವು: ಸಿದ್ದೀಕ್ ಶಾಹ್ ತಾಲೀಮು, ನೂರ್ ಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲಿಯೋಂ ಕೀ ತಾಲೀಮು. ಇವು ಯುವಕರು ಕುಸ್ತಿ, ಕಸರತ್ತು, ಆಯುಧ ವಿದ್ಯೆ ಕಲಿಯುತ್ತಿದ್ದ ಗರಡಿಗಳು. ಈ ಹೆಸರುಗಳು ಈಗ ಓಣಿಗಳ ಗುರುತಾಗಿ ಉಳಿದಿವೆ. ಇವುಗಳನ್ನು ಒಂದೊಂದಾಗಿ ಹುಡುಕುವುದನ್ನೇ ನಡಿಗೆಯ ಗುರಿಯಾಗಿ ಇಟ್ಟುಕೊಂಡರೆ ಊರಿನ ನಾಲ್ಕೂ ಮೂಲೆಗಳು ಕಣ್ಣಿಗೆ ಬೀಳುತ್ತವೆ.

ಈ ಓಣಿಗಳಲ್ಲಿ ಕೆಲವು ಮುಂದೆ ದಾರಿಯಿಲ್ಲದೆ ಯಾರದೋ ಅಂಗಳದಲ್ಲಿ ಮುಗಿಯುತ್ತವೆ. ಒಮ್ಮೆ ನಾನು ಹಾಗೆಯೇ ಬಂದು ನಿಂತಾಗ, ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರದಿಂದ ಕಣ್ಣೆತ್ತಿ, “ಯಾರ ಮನಿಗಿ ಬಂದೀರಿ ತಮ್ಮಾ?” ಎಂದು ಕೇಳಿದರು. “ಊರು ನೋಡ್ಲಾಕ ಬಂದೀನ್ರಿ ಅಮ್ಮಾ” ಎಂದೆ. “ಹಂಗಾದ್ರ ಬುರುಜಿನ ಕಡಿ ಹೋಗ್ರಿ, ಇತ್ಲಾಗ ಹಾದಿ ಇಲ್ಲ” ಎಂದವರು, ನಾನು ತಿರುಗುವಷ್ಟರಲ್ಲಿ ಒಳಗಿನಿಂದ ಒಂದು ತಂಬಿಗೆ ನೀರು ತರಿಸಿದರು. ಅಂಗಳಕ್ಕೆ ಬಂದವರನ್ನು ಇಲ್ಲಿ ಮೊದಲು ವಿಚಾರಿಸುವುದು ಹೀಗೆ. ನೀವೂ ಮೊದಲು ನಮಸ್ಕಾರ ಅಥವಾ ಸಲಾಮು ಹೇಳಿ, ಕನ್ನಡ ಬಾರದಿದ್ದರೆ ಉರ್ದುವಿನಲ್ಲೋ ಹಿಂದಿಯಲ್ಲೋ ಮಾತಾಡಿ. ಹೆಂಗಸರ ಮತ್ತು ಮನೆಯ ಒಳಭಾಗದ ಚಿತ್ರವನ್ನು ಕೇಳದೆ ತೆಗೆಯಬೇಡಿ. ಮಸೀದಿ, ದರ್ಗಾಗಳಲ್ಲಿ ಚಪ್ಪಲಿ ಹೊರಗೆ ಬಿಡಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿನಲ್ಲಿ ಅಲ್ಲಿಗೆ ಹೋಗದಿರುವುದು ಸರಿ.

ಚೌಬಾರಾದಿಂದ ಕೋಟೆಯತ್ತ ಸಾಗುವ ದಾರಿಯಲ್ಲಿ ತಖ್ತ್-ಎ-ಕಿರ್ಮಾನಿ ಎಂಬ ಕಟ್ಟಡದ ಮುಂಭಾಗದ ಕಮಾನನ್ನು ನೋಡದೆ ಮುಂದೆ ಹೋಗಬೇಡಿ. ಅದರ ಮೇಲಿನ ಗಾರೆಯ ಕೆತ್ತನೆ ನಯವಾಗಿದೆ, ನಿಲ್ಲುವವರು ಮಾತ್ರ ಕಡಿಮೆ. ಅದೇ ದಾರಿಯಲ್ಲಿದೆ 1472ರಲ್ಲಿ ಮುಗಿದ, ಬಹಮನಿ ಮಂತ್ರಿ ಮಹಮೂದ್ ಗವಾನ್‌ನ ಮದರಸಾ. 1696ರಲ್ಲಿ ಸಿಡಿಲು ಬಡಿದು ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿದಾಗ ಕಟ್ಟಡದ ಮುಂಭಾಗದ ಬಹಳಷ್ಟು ಭಾಗ ನೆಲಕ್ಕೆ ಬಿದ್ದು, ಒಂದೇ ಮಿನಾರು ಉಳಿಯಿತು. ಜನರೆಲ್ಲ ಮಿನಾರಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನೀವು ಮಿನಾರಿನ ಬುಡಕ್ಕೆ ಹೋಗಿ, ಹಾವು ಹರಿದಂತೆ ಬಳಕುವ ಸಾಲುಗಳಲ್ಲಿ ಉಳಿದಿರುವ ಬಣ್ಣದ ಹೆಂಚುಗಳನ್ನು ನೋಡಿ, ಆಮೇಲೆ ಕಟ್ಟಡದ ಹಿಂಬದಿಗೆ ನಡೆಯಿರಿ. ಅಲ್ಲಿ ಗದ್ದಲವಿಲ್ಲ.

ಮಧ್ಯಾಹ್ನದ ಬಿಸಿಲನ್ನು ಬಿದರಿ ಕುಶಲಕರ್ಮಿಗಳ ಕಾರ್ಖಾನೆಯೊಂದರಲ್ಲಿ ಕಳೆಯಿರಿ. ಖರೀದಿಗೆ ಬಂದವರಲ್ಲ, ಕೆಲಸ ನೋಡಲು ಬಂದವರು ಎಂದು ಮೊದಲೇ ಹೇಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತ ತಿಕ್ಕಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿಯನ್ನು ಸಣ್ಣ ಸುತ್ತಿಗೆಯಿಂದ ಕೂರಿಸುತ್ತಾರೆ. ಕೊನೆಗೆ ಬಿಸಿಲು, ಮಳೆ ತಾಗದ ಹಳೆಯ ಕೋಟೆ ಕಟ್ಟಡಗಳ ಒಳಗಿನ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ, ಅದರಲ್ಲಿ ಪಾತ್ರೆಯನ್ನು ಅದ್ದಿದಾಗ ಸತುವು ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಹಿರಿಯ ಕೆಲಸಗಾರರು ಚಿಟಿಕೆ ತೆಗೆದು ನಾಲಗೆಗೆ ತಾಗಿಸಿ ಹೇಳುತ್ತಾರೆ. ಬೆಳಿಗ್ಗೆಯಿಂದ ನೀವು ನಡೆದು ಬಂದ ಊರಿನ ಕೋಟೆಯ ಮಣ್ಣೇ ಈ ಕಪ್ಪು ಬಣ್ಣದ ಮೂಲ.

ಬಿಸಿಲು ಇಳಿದ ಮೇಲೆ ಗೋಡೆಯ ಕಡೆಗೆ ಹೊರಳಿ. ಊರಗೋಡೆ ಉದ್ದಕ್ಕೂ ಒಂದೇ ಸಮನೆ ಉಳಿದಿಲ್ಲ. ಕೆಲವೆಡೆ ಮನೆಗಳು ಅದಕ್ಕೆ ಬೆನ್ನು ಕೊಟ್ಟಿವೆ, ಕೆಲವೆಡೆ ಜಾಲಿ ಬೆಳೆದು ಖಂದಕ ಮುಚ್ಚಿದೆ. ಆದ್ದರಿಂದ ಪೂರ್ತಿ ಸುತ್ತಲು ಹಟ ಹಿಡಿಯದೆ, ಎರಡು ದ್ವಾರಗಳ ನಡುವಿನ ಒಂದು ತುಂಡನ್ನು ಆರಿಸಿಕೊಳ್ಳಿ. ಸಡಿಲ ಕಲ್ಲಿನ ಬುರುಜುಗಳನ್ನು ಹತ್ತಬೇಡಿ, ಗೋಡೆಗೆ ಹೆಜ್ಜೇನು ಕಟ್ಟಿದ್ದರೆ ದೂರವೇ ಇರಿ, ಒಬ್ಬರೇ ಪೊದೆಗಳೊಳಗೆ ಇಳಿಯಬೇಡಿ. ನನ್ನ ಮೆಚ್ಚಿನದು ತಲಘಾಟ್ ದರ್ವಾಜಾದ ಕಡೆಯ ತುಂಡು. ಹೆಸರೇ ಹೇಳುವಂತೆ ಅಲ್ಲಿಂದ ದಾರಿ ಘಟ್ಟದ ಕೆಳಗಿನ ಸೀಮೆಗೆ ಇಳಿಯುತ್ತದೆ. ಐದೂವರೆಯ ಹೊತ್ತಿಗೆ ಆ ದ್ವಾರದ ನೆರಳಿನಲ್ಲಿ ನಿಂತರೆ, ಮೇವಿನಿಂದ ಮರಳುವ ಆಡುಗಳು ಕಮಾನಿನ ಕೆಳಗೆ ಹಾದು ಬರುತ್ತಿರುತ್ತವೆ. ಕತ್ತಲಾಗುವ ಮುನ್ನ ಚೌಬಾರಾಕ್ಕೆ ಮರಳಿ, ಆಟೋ ಅಲ್ಲೇ ಸಿಗುತ್ತದೆ.